ಹೆಸರು ಬಿಟ್ಟ ಸಾಕ್ಷಿ

ಮರಳು ಗುತ್ತಿಗೆದಾರನ ಆಳುಗಳು ಸೋದರಮಾವನ ಬಲಗೈಯನ್ನು ದೋಣಿಯ ಅಂಚಿಗೆ ಒತ್ತಿ ಹಿಡಿದು, ಅವನದೇ ಹುಟ್ಟಿನಿಂದ ಹೊಡೆಯುತ್ತಿದ್ದಾಗ ಅವಳು ಕೂಗಳತೆಯೊಳಗೇ ಇದ್ದಳು. ಗುತ್ತಿಗೆದಾರನ ಆಳೊಬ್ಬ ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಮರಳಿನ ಮೇಲೆ ಮಂಡಿಯೂರಿಸಿದ್ದ. ಮೊದಲ ಏಟಿಗೆ ಮಾವ ಅರಚಿದ. ಎರಡನೆಯದಕ್ಕೆ ಹಸಿ ಕೊಂಬೆ ಮುರಿದಂಥ ಸದ್ದಾಯಿತು. ಆಮೇಲೆ ಅವನ ತಲೆ ದೋಣಿಯೊಳಕ್ಕೆ ಜೋತುಬಿತ್ತು. ಅವರು ಮಾತ್ರ ಒನಕೆ ಕುಟ್ಟುವವರ ಹಾಗೆ ನಿಧಾನವಾಗಿ ಹೊಡೆಯುತ್ತಲೇ ಇದ್ದರು.

"ಸಾಕು ಬಿಡ್ರೋ," ಎಂದ ಮರಳು ಗುತ್ತಿಗೆದಾರ. "ಒಂದು ಕೈ ಉಳೀಲಿ. ಪಾಪ, ತಲೆ ಕೆರ್ಕೊಳ್ಳೋಕಾದ್ರೂ ಬೇಕಲ್ಲ."

ಆಳುಗಳು ನಕ್ಕರು. ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಏನಮ್ಮ ಪಂಡಿತೆ, ನಾಡಿದ್ದು ಪರೀಕ್ಷೆಯಂತೆ. ನೀನು ಬರೆದ ಆ ಪುಟ ಬರೀ ಸುಳ್ಳು, ನಾನೇ ಕಟ್ಟಿದ್ದು ಅಂತ ನಿಮ್ಮ ಮೇಷ್ಟ್ರುಗಳ ಎದುರಿಗೆ ಹೇಳು. ನನ್ನ ಅಳಿಯ ಅಲ್ಲೇ ಕೂತು ಕೇಳಿಸ್ಕೋತಾನೆ. ಹೇಳ್ಲಿಲ್ವೋ, ಇನ್ನೊಂದು ಕೈ ಎಲ್ಲಿಗೂ ಓಡಿಹೋಗಲ್ಲ."

ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಆನರ್ಸ್ ಪದವಿ ಬೇಕೆಂದರೆ ಒಂದು ಪ್ರಬಂಧ ಬರೆದು, ಅದನ್ನು ತೆರೆದ ಕೋಣೆಯಲ್ಲಿ ಪರೀಕ್ಷಕರೆದುರು ಸಮರ್ಥಿಸಬೇಕಿತ್ತು. ಅವಳು ತನ್ನೂರ ಹೊಳೆಯನ್ನೇ ಆರಿಸಿಕೊಂಡಿದ್ದಳು. ಈ ದಡ ಒಂದು ದೇಶ, ಆ ದಡ ಇನ್ನೊಂದು; ನಡುವಿನ ಮರಳು ಯಾರದೆಂಬ ಜಗಳ. ಆಚೆ ದಡದಿಂದ ಬಂದಿದ್ದ ಒಬ್ಬ ಕೂಲಿಯವನನ್ನು ಗುತ್ತಿಗೆದಾರನ ಆಳುಗಳು ಸಲಿಕೆಯಿಂದ ಬಡಿದು ನೀರಿಗೆ ನೂಕಿದ್ದರು. ಎರಡೂ ದೇಶದ ಕಚೇರಿಗಳು ಮುಳುಗಿ ಸತ್ತ ಎಂದು ಕೈತೊಳೆದುಕೊಂಡವು. ಕಂಡವನು ಮಾವ ಒಬ್ಬನೇ. ಅವಳು ಕೇಳಿದಳು, ಅವನು ಹೇಳಿದ.

ಹೇಳಿದವರ ಹೆಸರು ಬರೆಯಕೂಡದು, ಕಸುಬು ಬರೆದರೆ ಸಾಕು ಎನ್ನುವುದು ವಿಭಾಗದ ಕಟ್ಟುನಿಟ್ಟು. ಅವಳು 'ಒಬ್ಬ ಅಂಬಿಗ' ಎಂದು ಬರೆದಳು. ಮಾರ್ಗದರ್ಶಕಿ ಮೇಡಂ ಬೆನ್ನು ತಟ್ಟಿದರು. ಊರಿಗೆಲ್ಲ ಇದ್ದ ಅಂಬಿಗ ಅವನೊಬ್ಬನೇ ಎಂದಾಗಲಿ, ಯಾರೂ ಅವನನ್ನು ಹೆಸರು ಹಿಡಿದು ಕರೆಯದೆ ಅಂಬಿಗ ಎಂದೇ ಕರೆಯುತ್ತಿದ್ದರು ಎಂದಾಗಲಿ ಆ ಕ್ಷಣಕ್ಕೆ ಅವಳಿಗೆ ಹೊಳೆಯಲಿಲ್ಲ. ಪರೀಕ್ಷೆಗೆ ಮೊದಲು ಪ್ರಬಂಧವನ್ನು ಎಲ್ಲರೂ ಓದುವಂತೆ ಜಾಲತಾಣಕ್ಕೆ ಹಾಕಿದರು. ಪಟ್ಟಣದಲ್ಲಿದ್ದ ಗುತ್ತಿಗೆದಾರನ ಅಳಿಯ ಓದಿದ.

ಕೈಗೆ ಗಟ್ಟಿ ಪಟ್ಟಿ ಹಾಕಿಸಿಕೊಂಡು ಮಾವ ಮಲಗಿದ್ದ. ಅತ್ತೆ ಗಂಜಿ ಕುಡಿಸುತ್ತ ಅವಳತ್ತ ನೋಡದೆ ಗೊಣಗಿದಳು: "ಓದಿ ಉದ್ಧಾರ ಮಾಡ್ತಾಳೆ ಅಂದ್ಕೊಂಡ್ರೆ, ತುತ್ತು ತಿನ್ನೋ ಕೈಗೇ ತಂದಿಟ್ಳು."

"ಅವಳನ್ಯಾಕೆ ಬೈತೀಯೇ," ಎಂದ ಮಾವ. ಅವಳತ್ತ ಹೊರಳಿ, "ಆ ದೊಡ್ಡೋರೆಲ್ಲ ಅದನ್ನ ಓದಿದ್ದಾರಾ?" ಎಂದು ಕೇಳಿದ.

"ಓದಿದ್ದಾರೆ ಮಾವ."

"ಹಾಗಾದ್ರೆ ಹೋಗ್ಲಿ ಬಿಡು, ಈ ಕೈ."

ಗುತ್ತಿಗೆದಾರನ ಷರತ್ತು ಅವನ ಕಿವಿಗೆ ಬಿದ್ದಿರಲಿಲ್ಲ. ಆಗ ಅವನಿಗೆ ಎಚ್ಚರವಿರಲಿಲ್ಲ. ಅವಳೂ ಬಾಯಿ ಬಿಡಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ನೇರವಾಗಿ ಆ ಪುಟಕ್ಕೇ ಬೆರಳಿಟ್ಟರು. "ಇಡೀ ಪ್ರಬಂಧದ ಬೆನ್ನುಮೂಳೆ ಇದಮ್ಮ. ಈ ಅಂಬಿಗ ನಿನಗೆ ಎಲ್ಲಿ ಸಿಕ್ಕಿದ?"

ಹಿಂದಿನ ಬೆಂಚಿನಲ್ಲಿ ಅಳಿಯ ಬೂಟಿನ ತುದಿ ಕುಣಿಸುತ್ತಿದ್ದ.

"ಎಲ್ಲೂ ಇಲ್ಲ ಸಾರ್. ನಾನೇ ಕಟ್ಟಿದ್ದು."

ಮೇಡಂ ಮುಖ ಬಿಳಿಚಿಕೊಂಡಿತು. "ಯೋಚನೆ ಮಾಡಿ ಹೇಳು. ಆನರ್ಸ್ ಅಂತೂ ಹೋಯ್ತು, ಬರೀ ಪದವಿನೂ ಉಳಿಯುತ್ತೋ ಇಲ್ವೋ."

"ಯೋಚನೆ ಮಾಡಿದೀನಿ ಮೇಡಂ."

ಅಳಿಯ ಎದ್ದು ಹೊರಗೆ ಹೋದ.

ಊರಿಗೆ ಬಂದಾಗ ಮಾವ ಬೋರಲು ಹಾಕಿದ ದೋಣಿಯ ಪಕ್ಕ ನಿಂತಿದ್ದ. "ಏನಂದ್ರು?"

"ಅವರೇನಂದ್ರೆ ಏನು ಮಾವ, ನಿನ್ನ ಕೈ ಉಳೀತು." ಅವಳು ಒಂದೊಂದೇ ಬಿಡಿಸಿ ಹೇಳಿದಳು.

ಮಾವ ದೋಣಿಯ ಮೇಲಿಟ್ಟಿದ್ದ ಎಡಗೈ ತೆಗೆದ. "ಅಂಬಿಗನೇ ಇಲ್ಲ ಅಂದ್ಯಾ?"

"ಹ್ಞೂಂ."

"ಆ ಕೂಲಿಯೋನು ಮುಳುಗೋವಾಗ ನನ್ನ ಮುಖಾನೇ ನೋಡ್ತಿದ್ದ. ಅವನ ಪರವಾಗಿ ಈ ಲೋಕದಲ್ಲಿ ಇದ್ದಿದ್ದು ಆ ಒಂದು ಮಾತು. ಅದಕ್ಕೆ ಕೈ ಕೊಟ್ಟೋನು ನಾನು. ಸುಳ್ಳು ಅನ್ನೋಕೆ ಮುಂಚೆ ನನ್ನನ್ನ ಕೇಳಿದ್ಯಾ?"

ಅವಳು ಉತ್ತರಿಸುವ ಮೊದಲೇ ಪಟ್ಟಿ ಕಟ್ಟಿದ ಬಲಗೈ ಬೀಸಿ ಬಂದು ಅವಳ ದವಡೆಗೆ ಅಪ್ಪಳಿಸಿತು. ತುಟಿ ಸೀಳಿತು. ಕುಸಿದು ಬಿದ್ದವನು ಮಾತ್ರ ಮಾವ. ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಮರಳಲ್ಲಿ ಹೊರಳಿದ, ಅಂದು ಅರಚಿದ್ದಕ್ಕಿಂತ ಜೋರಾಗಿ ಅರಚಿದ.

ಅವಳು ಬಾಯೊಳಗಿನ ರಕ್ತ ಉಗಿದು, ಎಬ್ಬಿಸಲೆಂದು ಅವನ ಎಡಗೈ ಹಿಡಿದಳು. ಅವನು ಕೊಸರಿ ಬಿಡಿಸಿಕೊಂಡ.