ಬಿಳಿ ಕೋಟು ಹೊಲಿದವಳು

ನಮ್ಮ ಬೀದಿಯ ಟೈಲರಮ್ಮ ಹೊಲಿದ ಬಟ್ಟೆ ಬಿಗಿಯಾಯಿತೆಂಬ ದೂರು ಯಾರಿಂದಲೂ ಬಂದಿಲ್ಲ. ಆದರೆ ಅವಳ ಹತ್ತು ವರ್ಷದ ಮಗಳ ಶಾಲೆಯ ಸ್ಕರ್ಟು ಮಾತ್ರ ಆ ವರ್ಷ ಮೂರನೇ ಸಲ ಸೊಂಟಕ್ಕೆ ಕೂರಲಿಲ್ಲ. ಒಳಗೆ ಬಿಟ್ಟಿದ್ದ ಬಟ್ಟೆಯೆಲ್ಲ ಬಿಚ್ಚಿ ಮುಗಿದಿತ್ತು. ಮಗು ಮೈಕೈ ತುಂಬಿಕೊಳ್ಳುತ್ತಿದೆ ಎಂದು ಟೈಲರಮ್ಮ ಒಳಗೊಳಗೇ ಹಿಗ್ಗಿದಳು. ಶಾಲೆಯ ಮಹಡಿ ಹತ್ತುವಷ್ಟರಲ್ಲಿ ಮಗಳು ಏದುಸಿರು ಬಿಡುವುದನ್ನು ಕಂಡೂ ಕಾಣದಂತಿದ್ದಳು. ಕತ್ತಿನ ಹಿಂದೆ ಕಪ್ಪಾಗಿದ್ದುದನ್ನು ಕೊಳೆಯೆಂದು ದಿನಾ ಉಜ್ಜಿ ಉಜ್ಜಿ ಮಗುವನ್ನು ಅಳಿಸುತ್ತಿದ್ದಳು.

ಒಂದು ದಿನ ರವಿಕೆಯ ತೋಳು ಚಿಕ್ಕದು ಮಾಡಿಸಲು ಬಂದ ಆಸ್ಪತ್ರೆಯ ನರ್ಸಮ್ಮ ಮಗುವಿನ ಕತ್ತು ನೋಡಿದಳು.

“ಅಕ್ಕ, ಅದು ಕೊಳೆ ಅಲ್ಲ. ಸಕ್ಕರೆ ಕಾಯಿಲೆ ಬರೋ ಮುಂಚೆ ಕೆಲವು ಮಕ್ಕಳಿಗೆ ಕತ್ತು ಹೀಗಾಗುತ್ತೆ. ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿಬಿಡೋಣ.”

ಟೈಲರಮ್ಮನ ಕತ್ತರಿ ನಿಂತಿತು. ಇಷ್ಟು ಚಿಕ್ಕ ಮಗುವಿಗೆ ಎಲ್ಲಿಯ ಸಕ್ಕರೆ ಕಾಯಿಲೆ ಎಂದು ರೇಗಿದಳು. ದಿನಕ್ಕೆ ಮೂರು ಲೋಟ ಹಾಲು, ಅದಕ್ಕೆ ಶಕ್ತಿಯ ಪುಡಿ, ಜೊತೆಗೆ ಅದೇ ಕಂಪನಿಯ ಬಿಸ್ಕತ್ತು. ತನ್ನ ಬಾಯಿ ಕಟ್ಟಿ ಮಗಳಿಗೆ ಕೊಡುತ್ತಿದ್ದಾಳಂತೆ. ಪುಡಿಯ ಡಬ್ಬವನ್ನೇ ತಂದು ಮೆಷೀನಿನ ಮೇಲೆ ಕುಕ್ಕಿದಳು.

“ನೋಡಿ, ಬಿಳಿ ಕೋಟಿನ ಡಾಕ್ಟರ ಚಿತ್ರಾನೇ ಹಾಕಿದಾರೆ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?”

ನರ್ಸಮ್ಮ ಸಿಟ್ಟಾಗಲಿಲ್ಲ. ಡಬ್ಬ ಹಿಂದೆ ತಿರುಗಿಸಿ, ನೀವೇ ಓದಿ ಎಂದಳು. ಸೂಜಿಗೆ ದಾರ ಪೋಣಿಸುವ ಕಣ್ಣಿಗೂ ಆ ಅಕ್ಷರ ಸಣ್ಣದಾಯಿತು. ನೂರು ಗ್ರಾಂ ಪುಡಿಯಲ್ಲಿ ನಲವತ್ತು ಗ್ರಾಂ ಸಕ್ಕರೆ! ಅದರ ಮೇಲೆ ಟೈಲರಮ್ಮ ಲೋಟಕ್ಕೆ ಎರಡು ಚಮಚ ಸಕ್ಕರೆ ಬೇರೆ ಹಾಕುತ್ತಿದ್ದಳು.

“ಕಂಪನಿಗೆ ಮಾರಾಟ ಆಗ್ಬೇಕು, ಅಷ್ಟೆ. ಸಿಹಿ ರುಚಿ ಹತ್ತಿಸಿದ್ರೆ ಮಕ್ಕಳು ಮತ್ತೆ ಮತ್ತೆ ಕೇಳ್ತಾರೆ. ಬಿಳಿ ಕೋಟು ಯಾರು ಬೇಕಾದ್ರೂ ಹಾಕ್ಕೋಬಹುದು, ಅಕ್ಕ.”

ಟೈಲರಮ್ಮ ಡಬ್ಬವನ್ನು ಮತ್ತೆ ಮುಂದೆ ತಿರುಗಿಸಿ ಚಿತ್ರದ ಕೋಟು ನೋಡಿದಳು. ಹಿಂದಿನ ತಿಂಗಳು ಕಿರಾಣಿ ಅಂಗಡಿಯ ಮುಂದೆ ನಿಂತು ಇದೇ ಪುಡಿ ಮಾರಿದ ನಾಲ್ಕು ಹುಡುಗಿಯರಿಗೆ ಬಿಳಿ ಕೋಟು ಹೊಲಿದುಕೊಟ್ಟವಳು ಅವಳೇ. ಅವರಲ್ಲಿ ಒಬ್ಬಳೂ ಡಾಕ್ಟರಲ್ಲ. ಆದರೂ ಆ ಕೋಟುಗಳಲ್ಲಿ ಅವರನ್ನು ಕಂಡಾಗ ಏನೋ ನಂಬಿಕೆ ಬಂದು, ಒಂದು ಡಬ್ಬ ಕೊಳ್ಳುವ ಕಡೆ ಎರಡು ಕೊಂಡಿದ್ದಳು.

“ನಾನೇ ಹೊಲಿದ ಕೋಟಿಗೆ ನಾನೇ ಮರುಳಾದೆನಲ್ಲ,” ಎಂದಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಮರುದಿನವೇ ತಾಯಿ ಮಗಳು ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ರಿಪೋರ್ಟು ಬರುವ ತನಕ ಅವಳಿಗೆ ಅನ್ನ ಸೇರಲಿಲ್ಲ. ಯಾರದೋ ಅಂಗಿಗೆ ತೋಳು ತಿರುವು ಮುರುವಾಗಿ ಕೂರಿಸಿಟ್ಟಳು. ಕೊನೆಗೆ ಡಾಕ್ಟರು ಹೇಳಿದರು: ಕಾಯಿಲೆ ಇನ್ನೂ ಬಂದಿಲ್ಲ, ಬಾಗಿಲ ತನಕ ಬಂದಿದೆ. ಊಟ ಆಟ ಸರಿಮಾಡಿದರೆ ಅಲ್ಲಿಂದಲೇ ಹಿಂದೆ ಕಳಿಸಬಹುದು. ಹೋದ ಜೀವ ಬಂದಂತಾಗಿ ಟೈಲರಮ್ಮ ನರ್ಸಮ್ಮನ ಕೈ ಹಿಡಿದು ಅತ್ತೇಬಿಟ್ಟಳು.

ಪುಡಿ, ಬಿಸ್ಕತ್ತು, ಬಾಟಲಿಯ ಪಾನೀಯ ಮನೆಯಲ್ಲಿ ಎಲ್ಲರಿಗೂ ನಿಂತವು. ಬರೀ ಹಾಲು ಕಂಡು ಮಗಳು ಒಂದು ವಾರ ಮುಖ ಊದಿಸಿಕೊಂಡಳು. ಆಮೇಲೆ ಹಣ್ಣಿನ ರುಚಿ ಹತ್ತಿತು. ಸಂಜೆ ಬೀದಿಯಲ್ಲಿ ಓಡಾಡಿ ಆಡಿ, ಹಸಿದು ಬಂದು ಉಣ್ಣತೊಡಗಿದಳು.

ವರ್ಷ ತಿರುಗಿದ ಮೇಲೆ, ಬಿಗಿಯಾಯಿತೆಂದು ಎತ್ತಿಟ್ಟಿದ್ದ ಅದೇ ಸ್ಕರ್ಟು ಮತ್ತೆ ಮೆಷೀನಿಗೆ ಬಂತು. ಈ ಸಲ ಟೈಲರಮ್ಮ ಬಿಚ್ಚಿದ್ದು ಕೆಳಗಿನ ಮಡಿಕೆಯನ್ನು. ಸೊಂಟಕ್ಕೆ ಅದು ಸರಿಯಾಗಿ ಕೂತಿತ್ತು, ಮಗಳು ಉದ್ದಕ್ಕೆ ಬೆಳೆದಿದ್ದಳು.

ತಾಯಂದಿರೇ, ತಂದೆಯರೇ, ಅಂಗಡಿಯಲ್ಲಿ ಡಬ್ಬ ಕೈಗೆ ಬಂದಾಗ ಒಮ್ಮೆ ಹಿಂದೆ ತಿರುಗಿಸಿ ನೋಡಿ. ಸಕ್ಕರೆ ಎಷ್ಟಿದೆ ಎಂದು ಓದಿ. ಕಣ್ಣಿಗೆ ಕಾಣದಿದ್ದರೆ ಅಂಗಡಿಯವನಿಂದಲೇ ಓದಿಸಿ. ಮಗುವಿನ ಕತ್ತು ಕಪ್ಪಾಗಿದ್ದರೆ ಉಜ್ಜಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೋಟು ನೋಡಿ ನಂಬಬೇಡಿ, ಅದನ್ನು ನಮ್ಮ ಟೈಲರಮ್ಮನೇ ಹೊಲಿದಿರಬಹುದು.