ಕರೆದವರಿಗೊಂದು ಎಲೆ

ಕೊನೆಯ ಸೀಟಿನ ಚೀಟಿ ಎತ್ತಲು ಪ್ರಿನ್ಸಿಪಾಲಮ್ಮ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟಾಗ, ಅಮೆರಿಕದ ಡಬ್ಲಿನ್ನಿನ ಆ ಪುಟ್ಟ ಚಾರ್ಟರ್ ಶಾಲೆಯ ಹಾಲಿನಲ್ಲಿ ನೊಣ ಕೂಡ ಉಸಿರು ಬಿಗಿಹಿಡಿದಿತ್ತು. ಸಣ್ಣತಾಯಮ್ಮ ಮಾದಪ್ಪನಿಗೆ ಹರಕೆ ಹೊತ್ತಳು. ಸಾಲದೆಂದು ಚಾಮುಂಡಿಗೂ ಒಂದು ಹೊತ್ತಳು. ಮೊಮ್ಮಗಳು ನಿಸರ್ಗಾಗೆ ಸೀಟು ಸಿಕ್ಕರೆ ದಿನಾ ಕೈಹಿಡಿದು ನಡೆಸಿಕೊಂಡು ಬರುವ ಕೆಲಸ ಅವಳದು. ಸಿಗದಿದ್ದರೆ ಮಗು ಊರಾಚೆಯ ಶಾಲೆಗೆ ಕಾರಿನಲ್ಲಿ ಹೋಗಿ, ಸಂಜೆವರೆಗೆ ಡೇಕೇರಿನಲ್ಲಿರಬೇಕು. ಮಂಡ್ಯ ಬಿಟ್ಟು ಮಗನ ಮನೆಗೆ ಬಂದ ಮೇಲೆ ಅವಳ ಪಾಲಿಗೆ ಬರಲಿದ್ದ ಕೆಲಸವೆಂದರೆ ಇದೊಂದೇ.

ಬಂದ ಹೆಸರು ಇವಾನ್.

ಇವಾನ್, ಪಾರ್ಕಿನಲ್ಲಿ ಪರಿಚಯವಾದ ಮೆಕ್ಸಿಕೋದ ಅಜ್ಜಿ ಲೂಪೆಯ ಮೊಮ್ಮಗ. ಹಿಂದಿನ ಮೀಟಿಂಗಿನಲ್ಲಿ ಪ್ರಿನ್ಸಿಪಾಲಮ್ಮ, ನಮ್ಮಲ್ಲಿ ಒಂದೇ ಥರದ ಮಕ್ಕಳು ತುಂಬಿಹೋಗಿದ್ದಾರೆ, ಎಲ್ಲ ಥರದ ನೆರೆಹೊರೆಯವರನ್ನೂ ಕರೆಯಿರಿ ಎಂದು ಕೇಳಿಕೊಂಡಿದ್ದರು. ಮಗ ಸಿದ್ದರಾಜು ಅದನ್ನು ಕನ್ನಡದಲ್ಲಿ ಹೇಳಿ ಮರೆತ. ತಾಯಿ ಮರೆಯಲಿಲ್ಲ. ಸುತ್ತ ನೋಡಿದರೆ ಹಾಸನ, ಮೈಸೂರು, ಆಂಧ್ರದ ಮುಖಗಳೇ. ನೆಂಟರ ಮದುವೆಮನೆಯಂತೆ ಕಳಕಳ ಅನ್ನುತ್ತಿರುವಾಗ ಇವರಿಗೆ ಬಂದ ಕಷ್ಟವೇನೆಂದು ಅವಳಿಗೆ ತಿಳಿಯಲಿಲ್ಲ. ಆದರೂ ಶಾಲೆಯವರೇ ಬಾಯಿಬಿಟ್ಟು ಕೇಳಿದ್ದಾರಲ್ಲ. ಲೂಪೆಗೆ ಕನ್ನಡ ಬಾರದು, ಇವಳಿಗೆ ಸ್ಪ್ಯಾನಿಷ್ ಬಾರದು. ಕುಂಕುಮವಿಟ್ಟು ಮದುವೆಗೆ ಕರೆಯುವಂತೆ ಕರೆದು, ರಟ್ಟೆ ಹಿಡಿದು ಶಾಲೆಯ ಆಫೀಸಿನೊಳಗೇ ತಂದು ನಿಲ್ಲಿಸಿದ್ದಳು.

ಸಿದ್ದರಾಜು ತಾಯಿಯ ಕಡೆ ತಿರುಗಿದ. "ಅವ್ವ, ಅವರನ್ನ ನೀನೇ ಅಲ್ವಾ ಕರ್ಕೊಂಡ್ ಬಂದಿದ್ದು?"

"ಊಂ ಕಣಪ್ಪ. ಕರೀರಿ ಅಂತ ಅವ್ರೇ ಅಂದ್ರಲ್ಲ. ಕರ್ದೋರ್ಗೂ ಒಂದ್ ಎಲೆ ಮಡಗಿರಾಕಿಲ್ವಾ?"

"ಇದು ಲಾಟರಿ ಅವ್ವ. ಯಾರು ಕರೆದ್ರು ಅಂತ ಡಬ್ಬಿಗೇನು ಗೊತ್ತು?"

"ನಮ್ಮತ್ತೆ ಊರಿಗೇ ಉಪಕಾರ ಮಾಡ್ಬಿಟ್ರು," ಎಂದು ಸೊಸೆ ಹೇಮಶ್ರೀ ಎದ್ದು, ವೇಟಿಂಗ್ ಲಿಸ್ಟಿನ ವಿಷಯ ಕೇಳಲೂ ನಿಲ್ಲದೆ ಕಾರಿನ ಕಡೆ ನಡೆದಳು.

ಅಷ್ಟರಲ್ಲಿ ಪ್ರಿನ್ಸಿಪಾಲಮ್ಮ ಬಂದು ಸಣ್ಣತಾಯಮ್ಮನ ಎರಡೂ ಕೈ ಹಿಡಿದು ಕುಲುಕಿದರು. ನಿಮ್ಮಂಥವರು ಇನ್ನೂ ಹತ್ತು ಜನ ಬೇಕಂತೆ ಎಂದು ಸಿದ್ದರಾಜು ಹೆಂಡತಿ ಹೋದ ಕಡೆ ನೋಡುತ್ತಲೇ ತಿಳಿಸಿದ. ತನ್ನಂಥವರು ಹತ್ತು ಜನ ಬೇಕಾದರೆ ತನ್ನ ಮೊಮ್ಮಗಳೊಬ್ಬಳು ಯಾಕೆ ಬೇಡ? ಇಂಗ್ಲಿಷಿನಲ್ಲಿ ಕೇಳಲು ಅವಳಿಗೆ ಬಾರದು. ಕನ್ನಡದಲ್ಲಾದರೂ ಯಾರನ್ನು ಕೇಳುವುದೋ ಹೊಳೆಯಲಿಲ್ಲ. ಪಾಪ, ನಕ್ಕಳು.

ಪಾರ್ಕಿಂಗ್ ಲಾಟಿನಲ್ಲಿ ಲೂಪೆ ಓಡಿಬಂದು ತಬ್ಬಿಕೊಂಡು, ಸೆರಗು ಒದ್ದೆಯಾಗುವಷ್ಟು ಅತ್ತಳು. ಸಣ್ಣತಾಯಮ್ಮನ ಕೈ ಅವಳ ಬೆನ್ನು ಸವರುತ್ತಲೇ ಇತ್ತು.

"ಅಜ್ಜಿ, ಇವಾನ್ ಗಾಟ್ ಇನ್," ಎಂದು ನಿಸರ್ಗಾ ಕುಣಿದಳು.

"ನಿಂಗೆ ಬರ್ನಿಲ್ಲ ಕಣವ್ವ."

"ಐ ನೋ," ಎಂದಿತು ಮಗು. ಕುಣಿತ ನಿಲ್ಲಲಿಲ್ಲ.

ಲೂಪೆ ಚೀಲದಿಂದ ಕಿತ್ತಳೆ ತೆಗೆದು, ಸುಲಿದು, ಇಡೀ ಹಣ್ಣನ್ನೇ ಸಣ್ಣತಾಯಮ್ಮನ ಅಂಗೈಯಲ್ಲಿಟ್ಟಳು. ಅತ್ತ ಹೇಮಶ್ರೀ ಕಾರು ಸ್ಟಾರ್ಟ್ ಮಾಡಿದ್ದಳು. ಇತ್ತ ನಿಸರ್ಗಾ, ಇವಾನ್ ಇಬ್ಬರೂ ಕೈ ಚಾಚಿದರು. ಸಣ್ಣತಾಯಮ್ಮ ಒಂದು ತೊಳೆ ಬಿಡಿಸಿ, ಬೀಜ ತೆಗೆದು, ಎರಡು ಪುಟ್ಟ ಕೈಗಳ ನಡುವೆ ಅದನ್ನು ಹಿಡಿದೇ ನಿಂತಳು.