ಏಳರ ಮಗ್ಗಿ

ನನ್ನ ಗಂಡ ಮುರಿಗೆಪ್ಪ ಮಾಸ್ತರರಿಗೆ ಜಗಳ ಆಡಲು ಬರುತ್ತಿರಲಿಲ್ಲ. ಅದೇ ಅವರ ದೊಡ್ಡ ರೋಗ. ಹೀಗಾಗಿ ಮನೆಗೆ ಬಂದ ಜಗಳವೆಲ್ಲ ನನ್ನ ಪಾಲಿಗೇ ಬರುತ್ತಿತ್ತು. ಕಣಗಲಾದ ತವರಿನಿಂದ ಅವರು ನನ್ನನ್ನು ಕರೆತಂದದ್ದು ಕುಲಗೋಡದ ಆಚೆಯ ಒಂದು ಊರಿಗೆ. ಆ ಊರಿನ ಹೆಸರು ಹೇಳಲು ನನಗೆ ಇವತ್ತಿಗೂ ಮನಸ್ಸಿಲ್ಲ.

ಆ ವರ್ಷ ಬೆಳಗಾವಿಯಿಂದ ಹುಕುಂ ಬಂತು. ಯಾವ ಜಾತಿಯ ಮಕ್ಕಳೇ ಆಗಲಿ, ಸಾಲಿಯೊಳಗೆ ಒಟ್ಟಿಗೆ ಕೂಡಬೇಕಂತೆ. ಅಲ್ಲಿಯವರೆಗೆ ಊರ ಹೊರಗಿನ ಕೇರಿಯ ಕೆಂಚಪ್ಪನ ಮಗಳು ಮುದಕವ್ವ ಸಾಲಿಯ ಹೊರಗಿನ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತು, ಕಿಟಕಿಯಿಂದ ಬಂದಷ್ಟು ಪಾಠ ಕೇಳುತ್ತಿದ್ದಳು. ಮಾಸ್ತರರು ಅವಳ ಪಾಟಿಯನ್ನು ನೆಲದ ಮೇಲೆ ಇಡಿಸಿ, ಮುಟ್ಟದೆ ಬಗ್ಗಿ ನೋಡಿ ತಪ್ಪು ಹೇಳುತ್ತಿದ್ದರು. ಹುಕುಂ ಬಂದ ಮರುದಿನ ಅವಳನ್ನು ಒಳಗೆ ಕರೆದು ಕೂಡಿಸಿದರು.

ಊರು ಮೈಮೇಲೆ ಬಿತ್ತು. ಹಾಲು ಕೊಡುತ್ತಿದ್ದ ಲಕ್ಕವ್ವ ನಮ್ಮ ಓಣಿಯ ಕಡೆ ತಲೆ ಹಾಕಲಿಲ್ಲ. ಹಜಾಮನಿಗೆ ಒಮ್ಮೆಲೇ ಕೈನೋವು ಶುರುವಾಗಿ ಮಾಸ್ತರರ ಗಡ್ಡ ಎದೆಗೆ ಇಳಿಯಿತು. ನಾನು ಬಾವಿಗೆ ಹೋದರೆ ಹೆಂಗಸರು ತಮ್ಮ ಕೊಡದ ನೀರು ಚೆಲ್ಲಿ, ನನ್ನ ಕಾಲು ತೋಯಿಸಿ, ಮತ್ತೆ ಸೇದಿಕೊಳ್ಳುತ್ತಿದ್ದರು. ಉಪ್ಪು ಎಣ್ಣೆ ಸಿಗುತ್ತಿದ್ದದ್ದು ಬಾಬಾಲಾಲನ ಅಂಗಡಿಯಲ್ಲಿ ಮಾತ್ರ, ಅದೂ ಬೈಗುಳದ ಸಮೇತ. ಎಲ್ಲರೂ ಶಿವನ ಮಕ್ಕಳೇ ಎಂದು ಸೋಮವಾರಕ್ಕೊಮ್ಮೆ ಮಠದಲ್ಲಿ ತಾಳ ಹಾಕಿ ಹಾಡುವ ಜನ ಇವರು! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಮಕ್ಕಳನ್ನೂ ಬಿಡಿಸಿಕೊಂಡರು. ಒಳಗೆ ಮಾಸ್ತರರು, ಮುದಕವ್ವ ಇಬ್ಬರೇ. ಹಾಜರಿ ಇಲ್ಲದ ಸಾಲಿಯನ್ನು ಸರಕಾರ ಮುಚ್ಚುತ್ತದೆ ಎಂದು ಮಾಸ್ತರರಿಗೆ ಊಟ ಸೇರಲಿಲ್ಲ. ಒಂದು ದಿನ ಅವರು ಊರ ಯಜಮಾನ ಪರಪ್ಪಗೌಡರ ವಾಡೆಗೆ ಹೋಗಿ ಬಂದರು. ಮುಖ ಅರಳಿತ್ತು.

“ಊರು ಒಪ್ತು, ಕಾಶೆವ್ವ. ಹುಡುಗಿ ಒಳಗ ಕೂಡ್ತೈತಿ. ನಾಳೆಯಿಂದ ಎಲ್ಲಾರೂ ಬರ್ತಾರ.”

“ಹಂಗ ಸುಮ್ನ ಒಪ್ಪೂ ಮಂದಿ ಅಲ್ರಿ ಇದು. ಏನು ಕೊಟ್ಟು ಬಂದ್ರಿ?”

“ಏನೂ ಇಲ್ಲ ಬಿಡ. ಕೆದಕಬ್ಯಾಡ,” ಎಂದು ಬೆನ್ನು ತಿರುಗಿಸಿ ಮಲಗಿದರು.

ನಮ್ಮ ಸಾಲಿಯಲ್ಲಿ ದಿನಾ ಸಂಜೆ ಮನೆಗೆ ಬಿಡುವ ಮುಂಚೆ ಮಗ್ಗಿ ಹೇಳಿಸುವ ಪದ್ಧತಿ ಇತ್ತು. ಒಂದು ಮಗು ಮುಂದೆ ನಿಂತು ಒಂದೊಂದೇ ಸಾಲು ಹೇಳಬೇಕು, ಉಳಿದವರೆಲ್ಲ ಕೂಗಿ ಅದನ್ನೇ ಅನ್ನಬೇಕು. ಮುಂದೆ ನಿಂತ ಮಗು ತಪ್ಪಿದರೆ ಯಾರೂ ಬಾಯಿ ಬಿಡಬಾರದು. ಬೈಯಬಾರದು, ನಗಬಾರದು, ಹೇಳಿಕೊಡಲೂಬಾರದು. ಎಲ್ಲರೂ ಸುಮ್ಮನಾದರೆ ತಾನು ತಪ್ಪಿದೆ ಎಂದು ಮಗುವಿಗೆ ತಿಳಿಯುತ್ತಿತ್ತು, ತಿದ್ದಿಕೊಂಡು ಮತ್ತೆ ಹೇಳುತ್ತಿತ್ತು. ಮಕ್ಕಳ ಮರ್ಯಾದೆ ಉಳಿಯಲಿ ಎಂದು ಮಾಸ್ತರರೇ ಮಾಡಿದ ಪದ್ಧತಿ ಅದು.

ಮಕ್ಕಳು ತಿರುಗಿ ಬಂದ ಆ ವಾರವೇ ಮುದಕವ್ವನ ಪಾಳಿ ಬಂತು. ಸಾಲಿಗೆ ಅಂಟಿಕೊಂಡೇ ನಮ್ಮ ಮನೆ. ನಾನು ಜೋಳ ಕೇರುವುದು ಬಿಟ್ಟು ಸಾಲಿಯ ಬಾಗಿಲಲ್ಲಿ ನಿಂತೆ. ಒಳಗೆ ಪರಪ್ಪಗೌಡರು ಮಾಸ್ತರರ ಕುರ್ಚಿಯಲ್ಲೇ ಕಾಲು ಮೇಲೆ ಕಾಲು ಹಾಕಿ ಕೂತಿದ್ದರು. ಮಾಸ್ತರರು ಗೋಡೆಗೆ ನಿಂತಿದ್ದರು.

ಮುದಕವ್ವ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದುಕೊಂಡು ಬಂದಿದ್ದಳು. ಮುಂದೆ ನಿಂತು, ಕೈ ಕಟ್ಟಿ, ಗಟ್ಟಿಯಾಗಿ ಹೇಳಿದಳು.

“ಏಳೊಂದ್ಲೆ ಏಳು!”

ಯಾರೂ ಬಾಯಿ ಬಿಡಲಿಲ್ಲ.

ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. ಕೇಳಿಸಿಲ್ಲ ಎಂದುಕೊಂಡು ಇನ್ನೂ ಗಟ್ಟಿಯಾಗಿ ಹೇಳಿದಳು. ಸಾಲಿಯೆಲ್ಲ ಸುಮ್ಮನೆ. ಮಕ್ಕಳು ತುಟಿ ಒತ್ತಿ ಹಿಡಿದು ಗೌಡರ ಮುಖ ನೋಡುತ್ತಿದ್ದರು. ಗೌಡರು ಮೀಸೆಯಲ್ಲಿ ನಗುತ್ತಿದ್ದರು. ಆಗ ನನಗೆ ತಿಳಿಯಿತು ನನ್ನ ಗಂಡ ಏನು ಕೊಟ್ಟು ಬಂದಿದ್ದಾರೆ ಎಂದು. ಅವಳು ಒಳಗೆ ಕೂಡಬಹುದು, ಆದರೆ ಅವಳು ಅಂದದ್ದನ್ನು ಊರಿನ ಮಕ್ಕಳು ಅನ್ನಬೇಕಾಗಿಲ್ಲ.

ಮುದಕವ್ವನಿಗೆ ಇದು ಹೇಗೆ ಗೊತ್ತಾಗಬೇಕು? ಅವಳಿಗೆ ಗೊತ್ತಿದ್ದದ್ದು ಸಾಲಿಯ ಪದ್ಧತಿ ಒಂದೇ. ಬೆರಳು ಎಣಿಸಿದಳು. ಮತ್ತೆ ಎಣಿಸಿದಳು.

“ಏಳೊಂದ್ಲೆ... ಎಂಟು?”

ಗೌಡರು ಹೊಟ್ಟೆ ಹಿಡಿದು ನಕ್ಕರು. “ನೋಡ್ರಿ ಮಾಸ್ತರ, ಇದಕ್ಕ ವಿದ್ಯಾ ಹತ್ತೂದಿಲ್ಲ ಅಂತ ನಾ ಹೇಳಿರ್ಲಿಲ್ಲ?”

ನನಗೆ ತಡೆಯಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಒಳಗೆ ನುಗ್ಗಿದೆ. “ಏಳೊಂದ್ಲೆ ಏಳು! ನೀ ಮೊದಲ ಅಂದದ್ದ ಖರೆ ಐತಿ ಮಗಳ!”

ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಮರ್ಯಾದೆ ಬಿಡಲಿಲ್ಲ. “ನಿಮಗ ಓದಾಕ ಬರೂದಿಲ್ಲಲ್ರಿ ಅವ್ವಾರ. ಮಾಸ್ತರು ಸುಮ್ನ ಅದಾರ. ಮಾಸ್ತರು ಸುಮ್ನಿದ್ರ ತಪ್ಪ ಇರ್ತೈತ್ರಿ.”

ನಾನು ಗಂಡನ ಎದುರು ಹೋಗಿ ನಿಂತೆ. “ಕೇಳಿದ್ರಿಲ್ಲೋ? ಈಗ ಬಾಯಿ ಬಿಡ್ತೀರೋ, ಇಲ್ಲಾ ನಾ ಇವತ್ತ ಕಣಗಲಾದ ಹಾದಿ ಹಿಡೀಲೋ?”

“ಮಾಸ್ತರ, ಮಾತು ಆಗೇತಿ ನಮ್ಮಿಬ್ಬರಲ್ಲಿ,” ಎಂದರು ಗೌಡರು. ಈಗ ನಗು ಇರಲಿಲ್ಲ.

ಮಾಸ್ತರರು ಗೌಡರನ್ನು ನೋಡಿದರು, ಹುಡುಗಿಯನ್ನು ನೋಡಿದರು. “ತಪ್ಪಲ್ಲ, ಮುದಕವ್ವ,” ಎಂದರು. “ಏಳೊಂದ್ಲೆ ಏಳು. ತಪ್ಪಿದವ ನಾನು.”

ಗೌಡರು ಕುರ್ಚಿಯನ್ನು ಕಾಲಿಂದ ಒದ್ದು ಎದ್ದರು. “ಏಳ್ರಿಲೇ!” ಎಂದದ್ದೇ ತಡ, ಮಕ್ಕಳೆಲ್ಲ ಪಾಟಿ ಚೀಲ ಬಾಚಿಕೊಂಡು ಅವರ ಹಿಂದೆ ಹೋದರು. ಹೋಗುತ್ತ ಒಬ್ಬ ಬಾಗಿಲಲ್ಲಿ ಉಗುಳಿದ. ಅವನ ಬೆನ್ನ ಮೇಲೆ ಗೌಡರು ಶಹಬ್ಬಾಸ್ ಎಂದು ತಟ್ಟಿದರು.

ಇನ್ನು ಈ ಊರಲ್ಲಿ ನಮಗೆ ಅನ್ನ ಇಲ್ಲ, ಈ ಸಾಲಿಗೂ ಬಾಗಿಲು ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಮಾಸ್ತರರಿಗೂ ಗೊತ್ತಿತ್ತು. ಅವರು ಬಿದ್ದ ಕುರ್ಚಿಯನ್ನು ಎತ್ತಲಿಲ್ಲ. ಸೀದಾ ಹೋಗಿ ಮಕ್ಕಳ ಜಾಗದಲ್ಲಿ ಗೋಣಿತಟ್ಟಿನ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ.

“ಮುಂದ ಹೇಳು,” ಎಂದರು.

ಮುದಕವ್ವ ಅಂಗೈಯಿಂದ ಮೂಗು ಒರೆಸಿಕೊಂಡಳು. “ಏಳೆರಡ್ಲೆ ಹದಿನಾಕು,” ಎಂದು ಹೆದರುತ್ತ ಅಂದು, ಕಾದಳು.

ಮಾಸ್ತರರು ಅದನ್ನೇ ಊರಿಗೆಲ್ಲ ಕೇಳುವ ಹಾಗೆ ಕೂಗಿದರು.